ಮೆಕ್ಸಿಕೋದವರು ಗ್ವಾಟೆಮಾಲಾಕ್ಕೆ ಓಡಿದ್ದು ಯಾಕೆ?

ಪ್ರಶ್ನೆ: ಮೆಕ್ಸಿಕೋದವರು ಅಮೆರಿಕಾಕ್ಕೆ ಹೋಗುವುದು ಗೊತ್ತು. ಆದರೆ ಡ್ರಗ್ಸ್ ಗ್ಯಾಂಗುಗಳ ಕಾಟ ತಡೆಯಲಾರದೆ ಗ್ವಾಟೆಮಾಲಾಕ್ಕೆ ಓಡಿದರು ಅಂತ ನನ್ನ ಮಗ ಹೇಳುತ್ತಾನೆ. ಅದು ಇನ್ನೂ ಬಡ ದೇಶ ಅಲ್ವಾ? ಕೇರಳ ಗಡಿಯ ನಮ್ಮ ಮಾಕುಟ್ಟದ ಹಾಗೆ ಅಲ್ಲೂ ಚೆಕ್‌ಪೋಸ್ಟ್ ಹಾಕಿದರೆ ಗಲಾಟೆ ಪಕ್ಕದ ದೇಶಕ್ಕೆ ಹೋಗದಂತೆ ತಡೆಯಬಹುದಲ್ಲಾ?
– ಒಬ್ಬ ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು

ಉತ್ತರ: ಮಗ ಹೇಳಿದ್ದು ನಿಜ. 2024ರ ಜುಲೈನಲ್ಲಿ ಮೆಕ್ಸಿಕೋದ ಚಿಯಾಪಾಸ್ ರಾಜ್ಯದಿಂದ ಸುಮಾರು 600 ಜನ ಮಕ್ಕಳುಮರಿ ಕಟ್ಟಿಕೊಂಡು ಗಡಿ ದಾಟಿ ಗ್ವಾಟೆಮಾಲಾದ ಕುಯಿಲ್ಕೋ ಕಡೆಗೆ ಬಂದರು. ಸಿನಾಲೋವಾ ಮತ್ತು ಹಲಿಸ್ಕೋ ಎಂಬ ಎರಡು ಗ್ಯಾಂಗುಗಳು ಆ ಗಡಿ ದಾರಿಗಾಗಿ ಬಡಿದಾಡುತ್ತಿದ್ದವು. ಪ್ರಾಣ ಉಳಿಸಿಕೊಳ್ಳುವವರು ಯಾವ ದೇಶ ಶ್ರೀಮಂತ ಅಂತ ನೋಡುತ್ತಾರಾ? ನಡೆದು ಮುಟ್ಟುವಷ್ಟು ಹತ್ತಿರ ಇದ್ದದ್ದು ಅದೇ. ಗ್ವಾಟೆಮಾಲಾ ಸರ್ಕಾರ ಅವರಿಗೆ ತಾತ್ಕಾಲಿಕವಾಗಿ ಇರಲು ಅನುಮತಿ ಕೊಟ್ಟಿತು.

ನಿಮಗೆ ಹತ್ತಿರದ ವಿಷಯ ಇನ್ನೊಂದಿದೆ. ಗಡಿಯ ಎರಡೂ ಕಡೆ ಕಾಫಿ ನಾಡು. ಮೆಕ್ಸಿಕೋದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಫಿ ಬೆಳೆಯುವುದು ಚಿಯಾಪಾಸ್. ಅಲ್ಲಿ ಹಣ್ಣು ಕೊಯ್ಯಲು ಗ್ವಾಟೆಮಾಲಾದ ಕೂಲಿಗಳು ಬರುವುದು ಅಜ್ಜನ ಕಾಲದಿಂದ ಬಂದದ್ದು. 1980ರ ದಶಕದಲ್ಲಿ ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ ನಡೆದಾಗ ಸಾವಿರಾರು ಜನ ಆಸರೆಗೆ ಹೋದದ್ದೂ ಚಿಯಾಪಾಸ್‌ಗೇ. ಈಗ ಅದೇ ದಾರಿಯಲ್ಲಿ ಜನ ಉಲ್ಟಾ ನಡೆದರು.

ಪಕ್ಕದ ದೇಶಕ್ಕೆ ಬರುವುದು ನಿರಾಶ್ರಿತರು ಮಾತ್ರ ಅಲ್ಲ, ಗ್ಯಾಂಗುಗಳೂ ಬರುತ್ತವೆ. 2011ರ ಮೇ ತಿಂಗಳಲ್ಲಿ ಮೆಕ್ಸಿಕೋದ ಝೀಟಾಸ್ ಗುಂಪಿನವರು ಗ್ವಾಟೆಮಾಲಾದ ಪೆಟೆನ್‌ನಲ್ಲಿ ಒಂದು ದನದ ಎಸ್ಟೇಟಿಗೆ ನುಗ್ಗಿದರು. ಅವರಿಗೆ ಬೇಕಾಗಿದ್ದದ್ದು ಯಜಮಾನ. ಸಿಕ್ಕವರು ಕೆಲಸದವರು. 27 ಜನರನ್ನು ಕೊಂದರು. ನಮ್ಮ ಲೈನ್ ಮನೆಯಲ್ಲಿ ಸಂಜೆ ಗಂಜಿಗೆ ಒಲೆ ಹಚ್ಚುವ ಆಳುಗಳಿಗೆ ಸಾಹುಕಾರರ ವ್ಯವಹಾರ ಎಷ್ಟು ಗೊತ್ತಿರುತ್ತದೆ ಹೇಳಿ. ಅವರಿಗೂ ಅಷ್ಟೇ ಗೊತ್ತಿದ್ದದ್ದು.

ದಕ್ಷಿಣ ಅಮೆರಿಕಾದ ಈಕ್ವೆಡಾರ್ ಕಥೆ ಇನ್ನೂ ವಿಚಿತ್ರ. ಕೊಕೇನ್ ತೆಗೆಯುವ ಕೋಕಾ ಗಿಡ ಬೆಳೆಯುವುದು ಹೆಚ್ಚಾಗಿ ಅಕ್ಕಪಕ್ಕದ ಕೊಲಂಬಿಯಾ, ಪೆರುವಿನಲ್ಲಿ. ಈಕ್ವೆಡಾರ್ ಹತ್ತಿರ ಇರುವುದು ಬಂದರು, ಬಾಳೆಹಣ್ಣಿನ ಕಂಟೇನರ್, ಜೊತೆಗೆ 2000ದಿಂದ ಡಾಲರ್ ಚಲಾವಣೆ. ಕಳ್ಳ ಮಾಲು ಸಾಗಿಸುವವರಿಗೆ ಇನ್ನೇನು ಬೇಕು? 2018ರಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 6 ಕೊಲೆ ನಡೆಯುತ್ತಿದ್ದ ದೇಶದಲ್ಲಿ 2023ಕ್ಕೆ ಅದು 40 ದಾಟಿತು. 2024ರ ಜನವರಿಯಲ್ಲಂತೂ ಅಲ್ಲಿನ ಗ್ವಾಯಾಕಿಲ್ ನಗರದ ಟಿವಿ ಸ್ಟುಡಿಯೋಗೆ ಬಂದೂಕು ಹಿಡಿದವರು ನುಗ್ಗಿದ್ದು ಲೈವ್‌ನಲ್ಲೇ ಹೋಯಿತು.

ಹಾಗಂತ ಎಲ್ಲಾ ಕೆಟ್ಟದ್ದೂ ಅಮೆರಿಕಾದ ದಕ್ಷಿಣಕ್ಕಿರುವ ಈ ದೇಶಗಳದ್ದೇ ಅನ್ನಬೇಡಿ. ಮೆಕ್ಸಿಕೋದ ಗ್ಯಾಂಗುಗಳ ಕೈಲಿರುವ ಬಂದೂಕುಗಳಲ್ಲಿ ಬಹಳಷ್ಟು ಅಮೆರಿಕಾದ ಅಂಗಡಿಗಳಿಂದ ಹೋದವು. ಮಾಲು ಕೊಳ್ಳುವವರೂ ಅಲ್ಲೇ ಜಾಸ್ತಿ.

ಇನ್ನು ನಿಮ್ಮ ಚೆಕ್‌ಪೋಸ್ಟ್. ಅದೂ ಇದೆ. ಚಿಯಾಪಾಸ್ ಮತ್ತು ಗ್ವಾಟೆಮಾಲಾ ನಡುವೆ ಸುಚಿಯಾತೆ ನದಿ, ಮೇಲೊಂದು ಸೇತುವೆ, ಅಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಸ್ವಲ್ಪ ಆಚೆ ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿದ ತೆಪ್ಪಗಳಲ್ಲಿ ಹಗಲು ಹೊತ್ತಿನಲ್ಲೇ ಜನ, ದಿನಸಿ ಮೂಟೆ, ಎಣ್ಣೆ ಡಬ್ಬ ಎಲ್ಲಾ ದಾಟುತ್ತಿರುತ್ತವೆ.