ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಯಾರಿಗೆ ಬೇಕು, ಯಾರಿಗೆ ಬೇಡ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಆಲೂರಿನಿಂದ ಹಾಸನಕ್ಕೆ ನಿತ್ಯ ಓಡಾಡುವ ಸರ್ಕಾರಿ ನೌಕರ. ಸುಮಾರು 11 ಲಕ್ಷ ರೂಪಾಯಿಯ ಪೆಟ್ರೋಲ್ ಆಟೋಮ್ಯಾಟಿಕ್ ಕಾರನ್ನು ಬುಕ್ ಮಾಡಿದ್ದೇನೆ. ಕಂಪನಿಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಶೋರೂಮಿನವರು ಮತ್ತೆರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಗೆಂದು 20 ಸಾವಿರ ರೂಪಾಯಿಯನ್ನು ಕೊಟೇಶನ್ನಿನಲ್ಲಿ ಸೇರಿಸಿದ್ದಾರೆ. ಡೆಲಿವರಿಯ ದಿನ ತೆಗೆದುಕೊಳ್ಳದಿದ್ದರೆ ಮುಂದೆ ಸಿಗುವುದಿಲ್ಲ ಎನ್ನುತ್ತಾರೆ. ಅದು ದುಡ್ಡು ದಂಡ ಎಂಬುದು ಸ್ನೇಹಿತರ ಅಭಿಪ್ರಾಯ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವ ಅಂದಾಜಿದೆ, ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಗೆ ಬೇಕಾದ ಲೆಕ್ಕ ನಿಮ್ಮ ಪತ್ರದಲ್ಲೇ ಇದೆ. ವರ್ಷಕ್ಕೆ 12 ಸಾವಿರದಂತೆ ಮೂರು ವರ್ಷಕ್ಕೆ ಓಡುವುದು 36 ಸಾವಿರ ಕಿ.ಮೀ. ಮಾತ್ರ. ವಾರಂಟಿಯ ಷರತ್ತಿನಲ್ಲಿ ‘ವರ್ಷ ಅಥವಾ ಕಿ.ಮೀ., ಯಾವುದು ಮೊದಲೋ ಅದು’ ಎಂದಿರುತ್ತದೆ. ನಿಮ್ಮ ವಿಷಯದಲ್ಲಿ ಮೊದಲು ಮುಗಿಯುವುದು ವರ್ಷ. ಅಂದರೆ ಗಾಡಿ ಇನ್ನೂ ಅರ್ಧ ಆಯಸ್ಸನ್ನೂ ಸವೆಸದ ಹೊತ್ತಿನಲ್ಲಿ ಕಂಪನಿಯ ಹೊಣೆ ಕಳಚಿಕೊಳ್ಳುತ್ತದೆ, ಆದ್ದರಿಂದ ನೀವು ಕೊಳ್ಳುವ ಎರಡು ವರ್ಷವೂ ಪೂರ್ತಿಯಾಗಿ ನಿಮಗೆ ದಕ್ಕುತ್ತದೆ. ವರ್ಷಕ್ಕೆ 35 ಸಾವಿರ ಕಿ.ಮೀ. ಓಡಿಸುವವರ ಸ್ಥಿತಿ ಬೇರೆ. ಅವರ 1 ಲಕ್ಷ ಕಿ.ಮೀ. ಮೂರು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ವಿಸ್ತರಣೆಯ ಮಿತಿ 1.2 ಲಕ್ಷ ಕಿ.ಮೀ. ಎಂದಿದ್ದರೆ, ಕಾಗದದ ಮೇಲೆ ಎರಡು ವರ್ಷ ಎಂದು ಕಂಡದ್ದು ಅವರಿಗೆ ಏಳು ತಿಂಗಳೂ ಸಿಗುವುದಿಲ್ಲ. ಆದ್ದರಿಂದ ವರ್ಷದ ಜೊತೆಗೆ ಕಿ.ಮೀ. ಮಿತಿ ಎಷ್ಟೆಂದು ಕೇಳದೆ ಯಾರೂ ಹಣ ಕಟ್ಟಬಾರದು.

ಇನ್ನು ಸ್ನೇಹಿತರ ಮಾತು. ಅವರು ಕೈಯಿಂದ ಗೇರ್ ಹಾಕುವ ಸಣ್ಣ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದರೆ, ಅದನ್ನು ಒಪ್ಪಲು ಅಡ್ಡಿಯಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಅಂಥ ಗಾಡಿಯಲ್ಲಿ ಐದು ವರ್ಷದೊಳಗೆ ಎಂಜಿನ್ನಾಗಲಿ ಗೇರ್‌ಬಾಕ್ಸಾಗಲಿ ದೊಡ್ಡ ಖರ್ಚಿಗೆ ಬರುವುದು ಕಡಿಮೆ, ಬಂದರೂ ಊರಿನ ಮೆಕ್ಯಾನಿಕ್ ಬಿಚ್ಚಿ ಸರಿಮಾಡಬಲ್ಲ. ಅಂಥವರು ಅದೇ 20 ಸಾವಿರವನ್ನು ಅಂಚೆ ಕಚೇರಿಯಲ್ಲಿ ಇಟ್ಟುಕೊಳ್ಳುವುದೇ ಲೇಸು. ಆದರೆ ನೀವು ಕೊಳ್ಳುತ್ತಿರುವುದು ಆಟೋಮ್ಯಾಟಿಕ್. ಎಎಂಟಿ ಆಗಿದ್ದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಅದರ ಮೇಲೆ ಕ್ಲಚ್ ಮತ್ತು ಗೇರನ್ನು ಆಡಿಸುವ ಆಕ್ಚುಯೇಟರ್ ಕೂತಿರುತ್ತದೆ. ಸಿವಿಟಿ ಆದರೆ ಎರಡು ಪುಲ್ಲಿಗಳ ನಡುವೆ ಲೋಹದ ಬೆಲ್ಟ್ ಓಡುತ್ತದೆ. ಡ್ಯುಯಲ್ ಕ್ಲಚ್ ಆದರೆ ಎರಡು ಕ್ಲಚ್‌ಗಳ ಜೊತೆಗೆ ಮೆಕಾಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಘಟಕವೊಂದಿರುತ್ತದೆ. ಕೊನೆಯ ಎರಡರಲ್ಲಿ ದೋಷ ಕಂಡರೆ ಸರ್ವಿಸ್ ಸೆಂಟರಿನವರು ಬಿಡಿಭಾಗವನ್ನು ದುರಸ್ತಿ ಮಾಡುವುದಕ್ಕಿಂತ ಇಡೀ ಘಟಕವನ್ನೇ ಬದಲಿಸಲು ಹೇಳುವುದು ಹೆಚ್ಚು, ಆಗ ಬಿಲ್ಲು ಲಕ್ಷ ರೂಪಾಯಿ ದಾಟುವುದು ಅಪರೂಪವಲ್ಲ. ಟರ್ಬೊ ಎಂಜಿನ್, ವಿದ್ಯುತ್ ಸ್ಟಿಯರಿಂಗ್, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ, ಎಸಿ ಕಂಪ್ರೆಸರ್ ಇವೂ ಇದೇ ಬಗೆಯವು: ಕೆಡುವುದು ಅಪರೂಪ, ಕೆಟ್ಟರೆ ಒಂದೇ ಸಲಕ್ಕೆ ತಿಂಗಳ ಸಂಬಳವನ್ನು ನುಂಗಿಬಿಡುತ್ತವೆ. ಎಕ್ಸ್‌ಟೆಂಡೆಡ್ ವಾರಂಟಿಗೆ ಅರ್ಥವಿರುವುದು ಇಂಥ ಖರ್ಚಿಗೆ.

ಇದಕ್ಕಿಂತ ಮುಖ್ಯವಾದುದು ಅದು ಏನನ್ನು ಕೊಡುವುದಿಲ್ಲ ಎಂಬುದು. ಶೋರೂಮಿನಲ್ಲಿ ‘ಬಂಪರಿನಿಂದ ಬಂಪರಿಗೆ ಎಲ್ಲವೂ ಸೇರಿದೆ’ ಎಂದು ಹೇಳುವುದನ್ನು ಕೇಳಿ ಸಹಿ ಹಾಕಿದವರೇ ಮುಂದೆ ಹೆಚ್ಚು ನೊಂದುಕೊಳ್ಳುತ್ತಾರೆ. ಬಳಕೆಯಿಂದ ಸವೆಯುವ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬ್, ಫಿಲ್ಟರ್, ಆಯಿಲ್ ಇವು ಯಾವ ಕಂಪನಿಯ ವಿಸ್ತರಣೆಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಟೈರು ಮತ್ತು ಬ್ಯಾಟರಿಯ ಹೊಣೆ ಅವುಗಳನ್ನು ತಯಾರಿಸಿದವರದು. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಕೆಲವರಲ್ಲಿ ಸೇರಿರುತ್ತವೆ, ಕೆಲವರಲ್ಲಿ ಇಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ವರ್ಷವಿಡೀ ಓಡಾಡುವವರು ಈ ಒಂದು ಸಾಲನ್ನು ಬೆರಳಿಟ್ಟು ಓದಬೇಕು. ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ತೊಂದರೆ ಇಲಿಯದು. ಮಳೆಗಾಲದಲ್ಲಿ ಬಾನೆಟ್ಟಿನ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ವೈರಿಂಗ್ ಕಡಿದರೆ ಅದು ತಯಾರಿಕೆಯ ದೋಷವಲ್ಲ, ಆದ್ದರಿಂದ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ನೀರು ತುಂಬಿದ ರಸ್ತೆಯಲ್ಲಿ ನುಗ್ಗಿಸಿ ಎಂಜಿನ್ನಿಗೆ ನೀರು ಹೋದರೂ ಹಾಗೆಯೇ. ಇಲಿಯ ಹಾನಿಯನ್ನು ವಿಮಾ ಕಂಪನಿಯೊಡನೆ ಮಾತಾಡಬೇಕು. ನೀರು ಹೊಕ್ಕ ಎಂಜಿನ್ನಿಗೆ ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಪಡೆದಿರಬೇಕು. ವಿಮೆ ಹೊರಗಿನಿಂದ ಬರುವ ಹಾನಿಗೆ, ವಾರಂಟಿ ಒಳಗಿನ ದೋಷಕ್ಕೆ. ಒಂದನ್ನು ಕೊಂಡು ಇನ್ನೊಂದರ ಕೆಲಸ ನಿರೀಕ್ಷಿಸಿದರೆ ಆಗುವುದಿಲ್ಲ.

‘ಇವತ್ತೇ ತೆಗೆದುಕೊಳ್ಳಬೇಕು’ ಎಂಬ ಮಾತಿಗೆ ಹೆದರಬೇಡಿ. ಬಹುತೇಕ ತಯಾರಕರು ಮೂಲ ವಾರಂಟಿ ಜಾರಿಯಲ್ಲಿರುವವರೆಗೂ ವಿಸ್ತರಣೆಯನ್ನು ಮಾರುತ್ತಾರೆ. ತಡವಾದಷ್ಟೂ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅಷ್ಟೆ. ನಿಮ್ಮ ಕಂಪನಿಯ ಕೊನೆಯ ದಿನಾಂಕ ಮತ್ತು ಆಗಿನ ಬೆಲೆ ಎಷ್ಟೆಂದು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆದು ಉತ್ತರ ಪಡೆಯಿರಿ. ವಿಸ್ತರಣೆ ಕೊಳ್ಳದಿದ್ದರೆ ಗಾಡಿಯನ್ನೇ ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ, ಒಂದನ್ನು ಕೊಳ್ಳಲು ಇನ್ನೊಂದನ್ನು ಕಡ್ಡಾಯ ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ ಎಂಬುದನ್ನು ನೆನಪಿಸಿ.

ಮತ್ತೆರಡು ಎಚ್ಚರಿಕೆಗಳು. ಕೊಟೇಶನ್ನಿನಲ್ಲಿ ಆ 20 ಸಾವಿರದ ಎದುರಿಗೆ ಬರೆದಿರುವುದು ಕಾರು ತಯಾರಕರದೇ ವಿಸ್ತರಣೆಯೋ, ಅಥವಾ ಡೀಲರ್ ಮೂಲಕ ಬೇರೊಂದು ಸಂಸ್ಥೆ ಮಾರುವ ಯೋಜನೆಯೋ ಎಂದು ಕೇಳಿ. ಎರಡನೆಯದಾದರೆ ಆ ಡೀಲರ್ ಅಂಗಡಿ ಮುಚ್ಚಿದಾಗ ಅಥವಾ ನೀವು ಬೇರೆ ಊರಿನಲ್ಲಿದ್ದಾಗ ಯಾರ ಬಳಿ ಹೋಗಬೇಕೆಂಬುದು ಸ್ಪಷ್ಟವಿರುವುದಿಲ್ಲ. ನಾನಾದರೆ ಅದನ್ನು ಕೊಳ್ಳುವುದಿಲ್ಲ. ಇನ್ನೊಂದು, ಈ ಮೊತ್ತವನ್ನು ಕಾರಿನ ಸಾಲದೊಳಗೆ ಸೇರಿಸಿಬಿಡುತ್ತಾರೆ. ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾದರೆ 20 ಸಾವಿರಕ್ಕೆ ನೀವು ಕಟ್ಟುವುದು ಹತ್ತಿರಹತ್ತಿರ 25 ಸಾವಿರ. ಅದೂ ನಾಲ್ಕನೇ ವರ್ಷಕ್ಕೆ ಉಪಯೋಗಕ್ಕೆ ಬರುವ ವಸ್ತುವಿಗೆ ಮೊದಲ ತಿಂಗಳಿನಿಂದ ಬಡ್ಡಿ.

ಇಷ್ಟನ್ನೂ ನೋಡಿದ ಮೇಲೆ ನನ್ನ ಸಲಹೆ: ಸಿವಿಟಿ ಅಥವಾ ಡ್ಯುಯಲ್ ಕ್ಲಚ್ ಆಗಿದ್ದರೆ, ತಯಾರಕರದೇ ವಿಸ್ತರಣೆಯಾಗಿದ್ದರೆ, ಕೈಯಲ್ಲಿರುವ ಹಣದಿಂದ ಕೊಳ್ಳಿ. ಎಎಂಟಿಯಾದರೆ ಅವಸರವಿಲ್ಲ. ಎರಡು ವರ್ಷ ಓಡಿಸಿ ಗಾಡಿಯ ಗುಣ ನೋಡಿಕೊಂಡು, ಆಗಿನ ಬೆಲೆಗೆ ನಿರ್ಧರಿಸಿದರೂ ತಪ್ಪಿಲ್ಲ. ನಡುವೆ ಗಾಡಿ ಮಾರಿದರೆ ವಿಸ್ತರಣೆ ಮುಂದಿನ ಮಾಲೀಕರಿಗೆ ವರ್ಗಾವಣೆ ಆಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ. ಆಗುವುದಾದರೆ ಮಾರುವ ಬೆಲೆಯಲ್ಲಿ ಒಂದಿಷ್ಟು ಹಿಂದಿರುಗುತ್ತದೆ.

ಪ್ರಶ್ನೆ: ಮೂಡಿಗೆರೆ ಬಳಿ ಕಾಫಿ ತೋಟವಿದೆ. ಹೊಸ ಡೀಸೆಲ್ ಎಸ್‌ಯುವಿಗೆ ಐದು ವರ್ಷದ ವಾರಂಟಿ ಇರುವಂತೆ ವಿಸ್ತರಣೆ ಕೊಂಡಿದ್ದೇನೆ. ಕಂಪನಿಯ ಸರ್ವಿಸ್ ಸೆಂಟರಿಗೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಬೇಕು. ನಮ್ಮೂರಿನ ಮೆಕ್ಯಾನಿಕ್ ನಂಬಿಕಸ್ಥ. ಅವರ ಬಳಿ ಆಯಿಲ್ ಬದಲಿಸಿದರೆ ವಾರಂಟಿ ಹೋಗುತ್ತದೆಯೇ?

ಉತ್ತರ: ಕಾನೂನಿನ ಮಾತು ಬೇರೆ, ಕೌಂಟರಿನ ಮುಂದಿನ ಮಾತು ಬೇರೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದಾಗುತ್ತದೆ ಎಂಬ ಸಾರಾಸಗಟು ಷರತ್ತು ಹಾಕಬಾರದೆಂದು ಹೇಳಿತ್ತು. ಕಂಪನಿಗಳು ಅದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿದವು. ನಿಮ್ಮ ವಾರಂಟಿ ಪುಸ್ತಿಕೆಯಲ್ಲಿ ಮಾತ್ರ ‘ಅಧಿಕೃತ ಸರ್ವಿಸ್ ಸೆಂಟರಿನಲ್ಲಿ, ನಿಗದಿತ ಅವಧಿಯಲ್ಲಿ’ ಎಂಬ ಸಾಲು ಇದ್ದೇ ಇರುತ್ತದೆ. ಅದರಲ್ಲೂ ವಿಸ್ತರಣೆ ನೀವು ಪ್ರತ್ಯೇಕವಾಗಿ ಹಣ ಕೊಟ್ಟು ಮಾಡಿಕೊಂಡ ಒಪ್ಪಂದ. ಅದರ ಷರತ್ತನ್ನು ಮುರಿದು ಆಮೇಲೆ ವಾದಿಸುವುದು ಹೊರೆಯ ಕೆಲಸ. ಹಣ ಕೊಟ್ಟು ಕೊಂಡ ಐದು ವರ್ಷವೂ ನಿಗದಿತ ಸರ್ವಿಸನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಿ, ವರ್ಷಕ್ಕೆ ಒಂದೆರಡು ಸಲದ ಪ್ರಯಾಣ ಅದಕ್ಕೆ ತಕ್ಕ ಬೆಲೆ. ಪಂಕ್ಚರ್, ಬಲ್ಬ್, ವೀಲ್ ಅಲೈನ್‌ಮೆಂಟ್, ತೊಳೆಯುವುದು ಇವನ್ನು ನಿಮ್ಮ ಮೆಕ್ಯಾನಿಕ್ ಬಳಿ ಮಾಡಿಸಲು ಯಾವ ತೊಡಕೂ ಇಲ್ಲ. ಆದರೆ ವೈರ್ ಕತ್ತರಿಸಿ ಹೆಚ್ಚುವರಿ ದೀಪ, ಹಾರ್ನ್ ಜೋಡಿಸಲು ಬಿಡಬೇಡಿ. ಮುಂದೆ ಎಲೆಕ್ಟ್ರಿಕಲ್ ದೋಷ ಬಂದಾಗ ಕ್ಲೇಮ್ ತಿರಸ್ಕರಿಸಲು ಅದೊಂದು ಜೋಡಣೆಯೇ ಸಾಕು.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಬಿಎಸ್6 ಎಂಬ ಹೊಗೆ ಮಾಲಿನ್ಯ ನಿಯಂತ್ರಣ ಮಾನದಂಡದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಸ್ವಲ್ಪ ವೇಗದಲ್ಲಿ ಬಿಡುವಿಲ್ಲದೆ ಓಡಿದಾಗ ಅದು ಕಾದು ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ತೋಟದೊಳಗೆ ಮೊದಲ, ಎರಡನೇ ಗೇರಿನಲ್ಲಿ ತೆವಳಿ, ಮೂಡಿಗೆರೆ ಪೇಟೆಗೆ ಹೋಗಿಬಂದು ನಿಲ್ಲಿಸುವ ಗಾಡಿಯಲ್ಲಿ ಆ ಕಾವು ಏರುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡು ಮೀಟರಿನಲ್ಲಿ ದೀಪ ಹತ್ತಿದ ಮೇಲೂ ಓಡಿಸಿದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಇದನ್ನು ಕಂಪನಿಯವರು ‘ಬಳಕೆಯ ರೀತಿಯಿಂದ ಆದದ್ದು’ ಎಂದು ವಾರಂಟಿಯಿಂದ ಹೊರಗಿಡುವ ಸಂಭವ ಹೆಚ್ಚು. ಆಗಾಗ ಚಿಕ್ಕಮಗಳೂರಿನ ಕಡೆಗೋ ಬೇಲೂರಿನ ಕಡೆಗೋ ಒಂದೇ ಸಮನೆ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ದೀಪ ಹತ್ತಿದರೆ ಪುಸ್ತಿಕೆಯಲ್ಲಿ ಹೇಳಿದ ವೇಗದಲ್ಲಿ ಅದು ಆರುವವರೆಗೆ ಓಡಿಸಿ, ನಡುವೆ ಎಂಜಿನ್ ನಿಲ್ಲಿಸಬೇಡಿ.

ಪ್ರಶ್ನೆ: ನಾಲ್ಕನೇ ವರ್ಷದಲ್ಲಿ ನಮ್ಮ ಕಾರಿನ ಎಸಿ ಕಂಪ್ರೆಸರ್ ಕೆಟ್ಟಿತು. ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೂ, ಹಿಂದೊಮ್ಮೆ ಸರ್ವಿಸ್ ಎರಡು ತಿಂಗಳು ತಡವಾಗಿತ್ತೆಂದು ಕ್ಲೇಮ್ ಕೊಡಲಿಲ್ಲ. ಏನಾದರೂ ದಾರಿ ಇದೆಯೇ? (ಅರಸೀಕೆರೆ)

ಉತ್ತರ: ಇದೆ, ಮತ್ತು ಬಿಡಬೇಡಿ. ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ, ಆದ್ದರಿಂದ ಯಾವ ಷರತ್ತಿನ ಯಾವ ಸಾಲಿನ ಪ್ರಕಾರ ಕ್ಲೇಮ್ ತಿರಸ್ಕರಿಸಿದ್ದಾರೆಂದು ಲಿಖಿತವಾಗಿ ಕೇಳಿ. ಗಾಡಿ ಬಿಡುವಾಗ ಸರ್ವಿಸ್ ಸೆಂಟರಿನವರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ನೀವು ಹೇಳಿದ ದೂರು ಹೇಳಿದಂತೆಯೇ ದಾಖಲಾಗಿದೆಯೇ ನೋಡಿ, ಅದರ ಪ್ರತಿ ಇಟ್ಟುಕೊಳ್ಳಿ. ಸ್ವಂತ ಖರ್ಚಿನಲ್ಲಿ ಕಂಪ್ರೆಸರ್ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಅಲ್ಲಿ ಬಿಟ್ಟುಬರಬೇಡಿ, ಅದು ನಿಮ್ಮ ಸಾಕ್ಷ್ಯ. ಆಮೇಲೆ ತಯಾರಕರ ಗ್ರಾಹಕ ಸೇವೆಗೆ ಬರೆಯುವಾಗ ಒಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ: ಎಂಜಿನ್ ಆಯಿಲ್ ಎರಡು ತಿಂಗಳು ತಡವಾಗಿ ಬದಲಿಸಿದ್ದಕ್ಕೂ ಎಸಿ ಕಂಪ್ರೆಸರ್ ಕೆಟ್ಟದ್ದಕ್ಕೂ ಏನು ಸಂಬಂಧ? ಕಂಪ್ರೆಸರಿನೊಳಗಿನ ಎಣ್ಣೆಯೇ ಬೇರೆ, ಅದು ಎಸಿಯ ಅನಿಲದ ಜೊತೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತದೆ. ಎಂಜಿನ್ ಆಯಿಲಿನ ಜೊತೆ ಅದಕ್ಕೆ ನಂಟಿಲ್ಲ. ತಡವಾದ ಆ ಸರ್ವಿಸನ್ನು ಅವರೇ ಹಣ ಪಡೆದು ಮಾಡಿದ್ದು, ಆಗ ವಾರಂಟಿ ರದ್ದಾಯಿತೆಂದು ತಿಳಿಸಿರಲಿಲ್ಲವಾದರೆ ಅದನ್ನೂ ಬರೆಯಿರಿ.

ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಪ್ರಕರಣಗಳು ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಅದಕ್ಕೂ ಮಣಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗವಿದೆ. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ನೀವು ತೆತ್ತ ಬೆಲೆ 5 ಲಕ್ಷ ರೂಪಾಯಿವರೆಗಾದರೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಡೀಲರ್ ಮತ್ತು ತಯಾರಕರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ಕಾಲ ಕಳೆಯುತ್ತಾರೆ. ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕಾದ್ದರಿಂದ, ತಿರಸ್ಕಾರದ ಪತ್ರದ ಮೇಲಿನ ದಿನಾಂಕವನ್ನು ಈಗಲೇ ಗುರುತು ಹಾಕಿಕೊಳ್ಳಿ.