ಪ್ರವಾಸ ಪ್ರಶ್ನೋತ್ತರ: ತಂಡದೊಡನೆ ಕಾಶಿ

ಈ ಚಳಿಗಾಲದಲ್ಲಿ ತಂಡದೊಡನೆ ಕಾಶಿಗೆ ಹೊರಟಿರುವ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯ ಮಹಿಳಾ ಸಮಾಜದವರೆಲ್ಲ ಸೇರಿ ಡಿಸೆಂಬರ್‌ನಲ್ಲಿ ಪ್ರವಾಸ ಹೊರಡಲಿದ್ದೇವೆ. ಸಂಸ್ಥೆಯವರು ಕೊಟ್ಟ ಕಾರ್ಯಕ್ರಮದಲ್ಲಿ ಆರು ದಿನಗಳೊಳಗೆ ಕಾಶಿ, ಪ್ರಯಾಗ, ಗಯಾ, ಅಯೋಧ್ಯೆ ನಾಲ್ಕೂ ಇವೆ. ಕಾಶಿಗೆ ಸಿಕ್ಕಿರುವುದು ಒಂದೇ ರಾತ್ರಿ. ದೇವರ ದರ್ಶನದ ಜೊತೆಗೆ ಊರನ್ನೂ ನೋಡಬೇಕೆಂಬ ಆಸೆ ನಮ್ಮದು. ಇಷ್ಟು ಸಮಯ ಸಾಕೇ?
— ದಾವಣಗೆರೆಯ ಓದುಗರು

ಉತ್ತರ: ಸಾಲದು. ಒಂದು ರಾತ್ರಿಯ ಕಾರ್ಯಕ್ರಮವೆಂದರೆ ಸಾಮಾನ್ಯವಾಗಿ ಮಧ್ಯಾಹ್ನ ಊರು ತಲುಪಿ, ಸಂಜೆ ದಶಾಶ್ವಮೇಧ ಘಾಟ್‌ನ ಜನಜಂಗುಳಿಯಲ್ಲಿ ಗಂಗಾರತಿ ನೋಡಿ, ಮರುದಿನ ವಿಶ್ವನಾಥನ ಸಾಲಿನಲ್ಲಿ ನಿಂತು, ದರ್ಶನ ಮುಗಿದ ಕೂಡಲೇ ಬಸ್ಸು ಹತ್ತುವುದು. ಇದರಲ್ಲಿ ಕಾಶಿಯ ಬೆಳಗು ಕೈತಪ್ಪಿ ಹೋಗುತ್ತದೆ, ಮತ್ತು ಈ ಊರಿನ ಸೊಗಸೆಲ್ಲ ಬೆಳಗಿನಲ್ಲೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಂಗೆ ಇಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಊರು ಪಶ್ಚಿಮದ ದಡದಲ್ಲಿದೆ, ಎದುರು ದಡದಲ್ಲಿ ಕಟ್ಟಡಗಳ ಅಡ್ಡಿಯಿಲ್ಲದೆ ಮರಳು ಹರಡಿಕೊಂಡಿದೆ. ಆದ್ದರಿಂದ ಸೂರ್ಯ ಮೂಡುತ್ತಿದ್ದಂತೆಯೇ ಮೊದಲ ಬಿಸಿಲು ಘಾಟ್‌ಗಳ ಮೆಟ್ಟಿಲುಗಳ ಮೇಲೆ ನೇರವಾಗಿ ಬೀಳುತ್ತದೆ.

ಒಂದು ಬೆಳಗನ್ನು ದೋಣಿಗೆಂದೇ ಮೀಸಲಿಡಿ. ದಕ್ಷಿಣ ತುದಿಯ ಅಸ್ಸಿ ಘಾಟ್‌ನಲ್ಲಿ ಸೂರ್ಯೋದಯಕ್ಕೆ ಮೊದಲೇ ಆರತಿ, ಸಂಗೀತಗಳು ಆರಂಭವಾಗುತ್ತವೆ. ಅದನ್ನು ನೋಡಿಕೊಂಡು ಅಲ್ಲಿಯೇ ದೋಣಿ ಹತ್ತಿ ಹರಿವಿನೊಡನೆ ಉತ್ತರಕ್ಕೆ ಸಾಗಿದರೆ, ತುಲಸೀದಾಸರು ವಾಸವಾಗಿದ್ದ ತುಲಸೀ ಘಾಟ್ ಮೊದಲು ಎದುರಾಗುತ್ತದೆ. ಅನಂತರ ಸಿಗುವುದು ಚೇತ್ ಸಿಂಗ್ ಕೋಟೆ. 1781ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಸಿಪಾಯಿಗಳ ಕಾವಲಿನಲ್ಲಿದ್ದ ಕಾಶಿಯ ರಾಜಾ ಚೇತ್ ಸಿಂಗ್, ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ ಅದರ ಆಸರೆಯಿಂದ ಕಿಟಕಿಯ ಮೂಲಕ ನದಿಗಿಳಿದು ತಪ್ಪಿಸಿಕೊಂಡದ್ದು ಇಲ್ಲಿಂದಲೇ. ಮುಂದೆ ಚಿತೆಗಳು ಉರಿಯುವ ಹರಿಶ್ಚಂದ್ರ ಘಾಟ್, ಕೆಂಪು ಬಿಳಿ ಪಟ್ಟೆಗಳ ಮೆಟ್ಟಿಲುಗಳಿಂದ ದೂರಕ್ಕೇ ಗುರುತು ಸಿಗುವ ಕೇದಾರ ಘಾಟ್, ಅದಾದ ಮೇಲೆ ದಶಾಶ್ವಮೇಧ. ಅದರ ಪಕ್ಕದಲ್ಲೇ ರಾಜಾ ಮಾನ್ ಸಿಂಗ್ ಕಟ್ಟಿಸಿದ ಮಹಲಿದ್ದು, ಅದರ ಮಾಳಿಗೆಯ ಮೇಲೆ ಜೈಪುರದ ಸವಾಯಿ ಜೈ ಸಿಂಗ್ 18ನೆಯ ಶತಮಾನದಲ್ಲಿ ಮಾಡಿಸಿದ ಖಗೋಳ ವೀಕ್ಷಣೆಯ ಕಲ್ಲಿನ ಯಂತ್ರಗಳಿವೆ. ತಂಡಗಳು ಇದನ್ನು ಬಿಟ್ಟು ಹೋಗುವುದೇ ಹೆಚ್ಚು, ನೀವು ಕೇಳಿ ನೋಡಿರಿ. ಶವದಹನದ ಇನ್ನೊಂದು ಘಾಟ್ ಆದ ಮಣಿಕರ್ಣಿಕೆ ದಾಟಿದೊಡನೆ ನೀರಿನಂಚಿನಲ್ಲಿ ಒಂದು ಬದಿಗೆ ವಾಲಿ ನಿಂತ ರತ್ನೇಶ್ವರ ದೇವಾಲಯ ಕಾಣಿಸುತ್ತದೆ. ಮಣಿಕರ್ಣಿಕೆಯಲ್ಲಾಗಲಿ ಹರಿಶ್ಚಂದ್ರ ಘಾಟ್‌ನಲ್ಲಾಗಲಿ ಯಾರೂ ಮೊಬೈಲ್ ಎತ್ತಬಾರದೆಂದು ತಂಡದವರಿಗೆಲ್ಲ ಮೊದಲೇ ತಿಳಿಹೇಳಿರಿ. ಅಲ್ಲಿರುವವರು ತಮ್ಮವರನ್ನು ಕಳೆದುಕೊಂಡು ಬಂದವರು.

ಎರಡನೆಯ ಬೆಳಗು ವಿಶ್ವನಾಥನಿಗೆ. 1669ರಲ್ಲಿ ಔರಂಗಜೇಬನ ಆಜ್ಞೆಯಂತೆ ಹಳೆಯ ದೇವಾಲಯ ನೆಲಸಮವಾಯಿತು. ಸುಮಾರು ಒಂದು ಶತಮಾನದ ನಂತರ ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ ಈಗಿನ ಗುಡಿಯನ್ನು ಕಟ್ಟಿಸಿದರು. ಶಿಖರದ ಚಿನ್ನ ಪಂಜಾಬಿನ ಮಹಾರಾಜಾ ರಣಜಿತ್ ಸಿಂಗ್ ಕೊಟ್ಟದ್ದು. 2021ರ ಡಿಸೆಂಬರ್ 13ರಂದು ಹೊಸ ಪ್ರಾಂಗಣ ಉದ್ಘಾಟನೆಯಾದ ಮೇಲೆ ಗಂಗೆಯ ದಡದಿಂದ ನೇರವಾಗಿ ದೇವಾಲಯಕ್ಕೆ ಬರಬಹುದಾಗಿದೆ. ಮೊಬೈಲನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಕೊಠಡಿಯಲ್ಲೇ ಬಿಟ್ಟು ಬಂದರೆ ಲಾಕರಿನ ಮುಂದೆ ಕಾಯುವ ಹೊತ್ತು ಉಳಿಯುತ್ತದೆ.

ಇಷ್ಟಕ್ಕೆ ಮೂರು ರಾತ್ರಿಗಳಾದರೂ ಬೇಕು. ಕಾಶಿಯಿಂದ ಪ್ರಯಾಗ ಸುಮಾರು 120 ಕಿಲೋಮೀಟರ್, ಅಯೋಧ್ಯೆ 200ಕ್ಕೂ ಹೆಚ್ಚು, ಗಯಾ ಇನ್ನೊಂದು ದಿಕ್ಕಿನಲ್ಲಿ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ. ನಾಲ್ಕನ್ನೂ ಆರು ದಿನಕ್ಕೆ ತುಂಬಿದರೆ ಹಗಲಿನ ಹೆಚ್ಚಿನ ಭಾಗ ಬಸ್ಸಿನಲ್ಲೇ ಕಳೆಯುತ್ತದೆ, ಡಿಸೆಂಬರ್‌ನ ಮಂಜಿನಲ್ಲಂತೂ ಹೇಳಿದ ಹೊತ್ತಿಗೆ ತಲುಪುವ ಭರವಸೆಯಿಲ್ಲ. ಪಿತೃಕಾರ್ಯಕ್ಕಾಗಿ ಗಯಾ ಬೇಕೇ ಬೇಕೆಂದಾದರೆ ಅಯೋಧ್ಯೆಯನ್ನು ಇನ್ನೊಂದು ಪ್ರವಾಸಕ್ಕೆ ಉಳಿಸಿಕೊಳ್ಳಿ. ನೀವೇ ಒಂದು ದೊಡ್ಡ ತಂಡವಾಗಿರುವುದರಿಂದ ಕಾರ್ಯಕ್ರಮ ಬದಲಿಸಿಕೊಡುವಂತೆ ಕೇಳುವ ಬಲ ನಿಮಗಿದೆ, ಮುಂಗಡ ಕಟ್ಟುವ ಮೊದಲೇ ಕೇಳಿರಿ.

ಪ್ರಶ್ನೆ: ನಾವು ಹೋಗುವ ಪ್ರವಾಸದಲ್ಲಿ ಅಡುಗೆಯವರೂ ಜೊತೆಗೆ ಬರುತ್ತಾರೆ, ಮೂರು ಹೊತ್ತೂ ನಮ್ಮ ಕಡೆಯ ಊಟವೇ. ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿ ಆಗದು, ಹಾಗಾಗಿ ಅದು ಅನುಕೂಲವೇ. ಆದರೆ ಕಾಶಿಯವರೆಗೆ ಹೋಗಿ ಅಲ್ಲಿಯದೇನನ್ನೂ ತಿನ್ನದೆ ಬರುವುದು ಮನಸ್ಸಿಗೆ ಒಗ್ಗುತ್ತಿಲ್ಲ. ಹೊಟ್ಟೆ ಕೆಡದಂತೆ ಏನೇನು ತಿನ್ನಬಹುದು?
— ಉಡುಪಿಯ ಓದುಗರು

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದು ಸರಿಯಾಗಿದೆ. ರಾತ್ರಿ ದಣಿದು ಬಂದಾಗ ಬಿಸಿ ಅನ್ನ, ಸಾರು ಸಿಗುವುದು ಹಿರಿಯರಿಗೆ ದೊಡ್ಡ ನೆಮ್ಮದಿ, ಅದನ್ನು ಬಿಡಬೇಡಿ. ಆದರೆ ಬೆಳಗಿನ ತಿಂಡಿಯನ್ನು ಮಾತ್ರ ಊರಿನೊಳಗೆ ಮಾಡಿರಿ. ಅನ್ನಪೂರ್ಣೆಯ ಊರೆಂದು ಕರೆಸಿಕೊಂಡ ಕಾಶಿಯಲ್ಲಿ, ಸಾಕ್ಷಾತ್ ವಿಶ್ವನಾಥನೇ ಅವಳ ಮುಂದೆ ಭಿಕ್ಷೆಗೆ ನಿಂತನೆಂದು ನಂಬುವ ಊರಿನಲ್ಲಿ, ಪ್ರತಿದಿನವೂ ವಸತಿಗೃಹದ ಅಂಗಳದಲ್ಲಿ ಉಪ್ಪಿಟ್ಟು ತಿಂದು ಹೊರಡುವುದು ಪ್ರವಾಸದ ಅರ್ಧವನ್ನೇ ಬಿಟ್ಟುಕೊಟ್ಟಂತೆ.

ಬೆಳಿಗ್ಗೆ ಕಾಶಿಯ ಜನ ತಿನ್ನುವುದು ಕಚೌರಿ, ಪಲ್ಯ, ಜಿಲೇಬಿ. ನೆನೆಸಿ ರುಬ್ಬಿದ ಉದ್ದಿನಬೇಳೆಗೆ ಇಂಗು, ಮಸಾಲೆ ಬೆರೆಸಿ ಹಿಟ್ಟಿನುಂಡೆಯೊಳಗೆ ತುಂಬಿ, ಲಟ್ಟಿಸಿ, ದೊಡ್ಡ ಬಾಣಲೆಯಲ್ಲಿ ಪೂರಿಯಂತೆ ಉಬ್ಬಿಸಿ ತೆಗೆಯುತ್ತಾರೆ. ಅದನ್ನು ದೊನ್ನೆಯಲ್ಲಿಟ್ಟು ಆಲೂಗಡ್ಡೆ, ಕಡಲೆಕಾಳು ಅಥವಾ ಕುಂಬಳಕಾಯಿಯ ತೆಳುವಾದ ಪಲ್ಯದೊಂದಿಗೆ ಕೊಡುತ್ತಾರೆ. ಹಳೆಯ ಅಂಗಡಿಗಳಲ್ಲಿ ಹಲವರು ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಆದರೂ 'ಬಿನಾ ಪ್ಯಾಜ್, ಲಹಸುನ್' ಎಂದು ಒಮ್ಮೆ ಕೇಳಿಕೊಳ್ಳಿ, ಆ ಪ್ರಶ್ನೆ ಅಲ್ಲಿ ಯಾರಿಗೂ ಹೊಸದಲ್ಲ. ವಿಶ್ವನಾಥ ದೇವಾಲಯದ ಸುತ್ತಿನ ಕಚೌರಿ ಗಲ್ಲಿ ಹೆಸರಾದದ್ದು ಇದಕ್ಕೇ.

ಚಳಿಗಾಲದಲ್ಲಿ ಹೋಗುತ್ತಿರುವುದರಿಂದ ಮಲೈಯೋ ತಪ್ಪಿಸಿಕೊಳ್ಳಬೇಡಿ. ಕಾಯಿಸಿದ ಹಾಲನ್ನು ರಾತ್ರಿಯಿಡೀ ಬಯಲಿನ ಚಳಿಯಲ್ಲೂ ಇಬ್ಬನಿಯಲ್ಲೂ ಇಟ್ಟು, ಬೆಳಗಿನ ಜಾವ ಕಡೆದಾಗ ಏಳುವ ನೊರೆಗೆ ಕೇಸರಿ, ಏಲಕ್ಕಿ, ಸಕ್ಕರೆ ಸೇರಿಸಿದರೆ ಅದೇ ಮಲೈಯೋ. ತಿಳಿ ಹಳದಿಯ ಆ ನೊರೆಯನ್ನು ಮಣ್ಣಿನ ಕುಡಿಕೆಯಲ್ಲಿ ಗೋಪುರದಂತೆ ಏರಿಸಿ, ಮೇಲೆ ಪಿಸ್ತಾ ಚೂರು ಉದುರಿಸಿ ಕೊಡುತ್ತಾರೆ. ನಾಲಿಗೆಯ ಮೇಲಿಟ್ಟ ಕ್ಷಣಕ್ಕೆ ಕರಗಿ, ಕೇಸರಿಯ ಪರಿಮಳವಷ್ಟೇ ಉಳಿಯುತ್ತದೆ. ನೊರೆ ಮುಗಿದ ಮೇಲೆ ಅದೇ ಕುಡಿಕೆಗೆ ಕೇಸರಿ ಹಾಲು ಹೊಯ್ಯುವುದು ಅಂಗಡಿಯವರ ಪದ್ಧತಿ. ಬಿಸಿಲೇರಿದರೆ ನೊರೆ ನಿಲ್ಲುವುದಿಲ್ಲ, ಆದ್ದರಿಂದ ಠಠೇರಿ ಬಜಾರ್, ಚೌಖಂಬಾ ಕಡೆಗೆ ಬೇಗನೆ ಹೋಗಬೇಕು. ಹೊತ್ತು ಮೀರಿ ಎಬ್ಬಿಸುವ ಪ್ರವಾಸದಲ್ಲಿ ಇದು ಸಿಗುವುದೇ ಇಲ್ಲ.

ಸಂಜೆಗೆ ಟೊಮೇಟೊ ಚಾಟ್ ಇದೆ. ತವೆಯ ಮೇಲೆ ಟೊಮೇಟೊ, ಆಲೂಗಡ್ಡೆಗಳನ್ನು ತುಪ್ಪದಲ್ಲಿ ಮಸೆದು, ಕುಡಿಕೆಗೆ ಹಾಕಿ, ಜೀರಿಗೆ ಬೆರೆತ ಸಕ್ಕರೆ ಪಾಕ ಹನಿಸಿ ಕೊಡುತ್ತಾರೆ. ಹಸಿ ಬಟಾಣಿ ಬರುವ ಕಾಲವಾದ್ದರಿಂದ ಚೂಡಾ ಮಟರ್ ಕೂಡ ಸಿಗುತ್ತದೆ. ಅದು ಅವಲಕ್ಕಿ, ಬಟಾಣಿ ಸೇರಿಸಿ ತುಪ್ಪದಲ್ಲಿ ಮಾಡುವ ತಿಂಡಿ, ಅವಲಕ್ಕಿ ತಿಂದು ಬೆಳೆದ ನಿಮ್ಮ ಕಡೆಯವರಿಗೆ ಕೂಡಲೇ ಹಿಡಿಸುತ್ತದೆ. ಮಧ್ಯಾಹ್ನ ಬಾಟಿ, ಚೋಖಾ ತಿನ್ನಬಹುದು. ಬಾಟಿ ಎಂದರೆ ಬೆರಣಿಯ ಕೆಂಡದಲ್ಲಿ ಸುಟ್ಟು ತುಪ್ಪದಲ್ಲಿ ಅದ್ದಿದ ಗೋಧಿಯ ಉಂಡೆ, ಚೋಖಾ ಎಂದರೆ ಸುಟ್ಟ ಬದನೆ, ಟೊಮೇಟೊ, ಆಲೂಗಡ್ಡೆಗಳ ಬಜ್ಜಿ. ಕಾಶಿಗೆ ಹೋದವರು ಒಂದು ತರಕಾರಿ, ಒಂದು ಹಣ್ಣು ಬಿಟ್ಟು ಬರುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಅಮ್ಮ ಹಿಂದೆಂದಾದರೂ ಬದನೆಕಾಯಿ ಬಿಟ್ಟಿದ್ದರೆ ಚೋಖಾ ಕೊಳ್ಳುವ ಮೊದಲು ಅದನ್ನು ನೆನಪಿಡಿ.

ಎಚ್ಚರಿಕೆ ಬೇಕಾದದ್ದು ಎರಡು ಕಡೆ. ಠಂಡಾಯಿ ಬಾದಾಮಿ, ಸೋಂಪು, ಕಾಳುಮೆಣಸು ಅರೆದು ಮಾಡುವ ಒಳ್ಳೆಯ ಪಾನೀಯವೇ, ಆದರೆ ಕಾಶಿಯಲ್ಲಿ ಅದಕ್ಕೆ ಭಾಂಗ್ ಬೆರೆಸಿ ಕುಡಿಯುವವರೂ ಇದ್ದಾರೆ. 'ಸಾದಾ, ಭಾಂಗ್ ಇಲ್ಲದ್ದು' ಎಂದು ಸ್ಪಷ್ಟವಾಗಿ ಹೇಳಿ, ಎದುರಿಗೇ ಮಾಡಿಸಿಕೊಂಡು ಕುಡಿಯಿರಿ. ಹಾಗೆಯೇ, 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬನಾರಸಿ ಪಾನ್ ಹಾಕಿಕೊಳ್ಳುವಾಗ ಜರ್ದಾ ಬೇಡವೆಂದು ಹೇಳದಿದ್ದರೆ ತಂಬಾಕು ಸೇರಿರುವ ಸಂಭವವಿದೆ. ಉಳಿದಂತೆ, ಕಣ್ಣೆದುರು ಬಾಣಲೆಯಿಂದ ತೆಗೆದದ್ದನ್ನು ತಿನ್ನಿರಿ, ಕುಡಿಯಲು ಮುಚ್ಚಳ ಒಡೆಯದ ಬಾಟಲಿಯ ನೀರನ್ನು ಬಳಸಿರಿ, ಹೆಚ್ಚಿಟ್ಟ ಹಣ್ಣನ್ನೂ ಮಂಜುಗಡ್ಡೆಯನ್ನೂ ದೂರವಿಡಿ. ಹೊಸ ತಿನಿಸನ್ನೆಲ್ಲ ಮೊದಲ ದಿನವೇ ತಿನ್ನದೆ ಒಂದೊಂದು ಹೊತ್ತಿಗೆ ಒಂದೊಂದರಂತೆ, ಒಂದು ದೊನ್ನೆಯನ್ನು ಇಬ್ಬರು ಮೂವರು ಹಂಚಿಕೊಂಡು ತಿಂದರೆ ಹೊಟ್ಟೆಯೂ ನೆಮ್ಮದಿಯಾಗಿರುತ್ತದೆ.

ಪ್ರಶ್ನೆ: ತಂದೆಯವರಿಗೆ ಎಪ್ಪತ್ತು ದಾಟಿದೆ, ಮಂಡಿನೋವಿದೆ. ತಂಡದವರ ಜೊತೆ ಹೆಜ್ಜೆ ಹಾಕಲು ಸಾಧ್ಯವೇ?
— ಶಿವಮೊಗ್ಗದ ಓದುಗರು

ಉತ್ತರ: ಸಾಧ್ಯವಿದೆ, ಆದರೆ ವಸತಿ ಎಲ್ಲಿ ಎಂಬುದನ್ನು ಮೊದಲು ವಿಚಾರಿಸಿ. ಹಳೆಯ ಊರಿನ ಗಲ್ಲಿಗಳಿಗೆ ಕಾರು ಬರುವುದಿಲ್ಲ, ದೊಡ್ಡ ಬಸ್ಸಂತೂ ಬಹಳ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಇ-ರಿಕ್ಷಾ, ಅದೂ ಗೋದೌಲಿಯಾ ಅಥವಾ ಮೈದಾಗಿನ್ ಸುತ್ತಮುತ್ತಲಿನವರೆಗೆ, ಆಮೇಲೆ ನಡಿಗೆಯೇ. ಅಸ್ಸಿಯ ಕಡೆ ಉಳಿದುಕೊಂಡರೆ ವಾಹನ ಹತ್ತಿರದವರೆಗೆ ಬರುತ್ತದೆ, ದೋಣಿಗೂ ಅಲ್ಲಿಂದಲೇ ಹೋಗಬಹುದು. ಕೇದಾರ ಘಾಟ್‌ನ ಮೆಟ್ಟಿಲುಗಳು ಬಹಳ ಕಡಿದಾದವು, ಅವರನ್ನು ಅಲ್ಲಿ ಇಳಿಸಬೇಡಿ, ದೋಣಿಯಿಂದಲೇ ತೋರಿಸಿ. ಗಂಗಾರತಿಯನ್ನೂ ದೋಣಿಯಲ್ಲಿ ಕುಳಿತು ನೋಡುವುದು ಅವರಿಗೆ ಸುಖ. ವಿಶ್ವನಾಥ ದೇವಾಲಯದಲ್ಲಿ ಗಾಲಿಕುರ್ಚಿಯ ವ್ಯವಸ್ಥೆಯಿದೆ, ತಂಡದ ವ್ಯವಸ್ಥಾಪಕರಿಗೆ ಹಿಂದಿನ ದಿನವೇ ಹೇಳಿಡಿ. ಮಳೆಗಾಲವನ್ನು ಮಾತ್ರ ಆಯ್ಕೆ ಮಾಡಬೇಡಿ. ಗಂಗೆ ಉಕ್ಕಿದಾಗ ಘಾಟ್‌ಗಳ ಮೆಟ್ಟಿಲುಗಳು ಮುಳುಗಿ ದೋಣಿಗಳೂ ನಿಂತುಹೋಗುತ್ತವೆ.

ಪ್ರಶ್ನೆ: ಶಾಲೆಯ ಶಿಕ್ಷಕರ ತಂಡವಾಗಿ ಹೋಗುತ್ತಿದ್ದೇವೆ. ಸಾರನಾಥಕ್ಕೆ ಮುಕ್ಕಾಲು ಗಂಟೆ ಎಂದಿದ್ದಾರೆ. ಅದನ್ನು ಬಿಟ್ಟು ಬೇರೇನಾದರೂ ನೋಡಬಹುದೇ?
— ಕಲಬುರಗಿಯ ಓದುಗರು

ಉತ್ತರ: ದಯವಿಟ್ಟು ಬಿಡಬೇಡಿ, ಅರ್ಧ ದಿನ ಕೇಳಿ ಪಡೆಯಿರಿ. ಊರಿನಿಂದ ಸುಮಾರು 10 ಕಿಲೋಮೀಟರ್ ದೂರದ ಈ ಜಾಗದಲ್ಲಿ ಬುದ್ಧ ತನ್ನ ಮೊದಲ ಉಪದೇಶ ನೀಡಿದ. ಧಮೇಕ್ ಸ್ತೂಪದ ಕೆಳಭಾಗದ ಕಲ್ಲಿನ ಪಟ್ಟಿಯಲ್ಲಿ ಹೂಬಳ್ಳಿಗಳ, ರೇಖಾವಿನ್ಯಾಸಗಳ ಕೆತ್ತನೆಯಿದೆ. ಅದನ್ನು ನೋಡಲು ಸ್ತೂಪದ ಸುತ್ತ ನಿಧಾನವಾಗಿ ಒಂದು ಸುತ್ತು ಬರಬೇಕು. ವಸ್ತುಸಂಗ್ರಹಾಲಯದಲ್ಲಿ 1905ರ ಉತ್ಖನನದಲ್ಲಿ ದೊರೆತ ಅಶೋಕನ ನಾಲ್ಕು ಸಿಂಹಗಳ ಸ್ತಂಭಶೀರ್ಷವಿದೆ. ನೋಟಿನ ಮೇಲೂ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ದಿನನಿತ್ಯ ಕಾಣುವ ಆ ಸಿಂಹಗಳು ಎರಡು ಸಾವಿರ ವರ್ಷಗಳಾಚೆಯ ಹೊಳಪನ್ನು ಇನ್ನೂ ಉಳಿಸಿಕೊಂಡಿರುವುದನ್ನು ಹತ್ತಿರದಿಂದ ನೋಡಬೇಕು.

ನಿಮ್ಮ ಕಡೆಯವರಿಗೆ ಇಲ್ಲಿ ಇನ್ನೂ ಒಂದು ಸಂಬಂಧವಿದೆ. ಹಳೆಯ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂಬ ಬಿರುದಿನ ರಾಜನೆಂದರೆ ಅಶೋಕನೇ ಎಂಬುದನ್ನು ಹೆಸರಿನೊಡನೆ ದೃಢಪಡಿಸಿದ್ದು 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ. ನಿಮ್ಮದೇ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೇ ದೊರೆತಿದೆ. ಮಕ್ಕಳಿಗೆ ಮೊದಲು ಇವನ್ನು ತೋರಿಸಿದ ಶಿಕ್ಷಕರಿಗೆ ಸಾರನಾಥದಲ್ಲಿ ಗೈಡ್ ಹೇಳುವುದಕ್ಕಿಂತ ಹೆಚ್ಚಿನದು ತಾನೇ ಹೊಳೆಯುತ್ತದೆ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಕಾರ್ಯಕ್ರಮ ಗೊತ್ತುಮಾಡುವಾಗ ಆ ದಿನ ಬಿಡಿ.

ಪ್ರಶ್ನೆ: ಕಾಶಿಯಲ್ಲಿ ನಮ್ಮವರ ಗುರುತುಗಳು ಏನಾದರೂ ಉಳಿದಿವೆಯೇ? ಗೈಡ್‌ಗಳು ಅದನ್ನು ಹೇಳುವುದಿಲ್ಲ ಎಂದು ಕೇಳಿದ್ದೇನೆ.
— ಮೈಸೂರಿನ ಓದುಗರು

ಉತ್ತರ: ಸಾಕಷ್ಟಿವೆ. ಹನುಮಾನ್ ಘಾಟ್‌ಗೂ ಹರಿಶ್ಚಂದ್ರ ಘಾಟ್‌ಗೂ ನಡುವೆ ಕರ್ನಾಟಕದ್ದೇ ಒಂದು ಘಾಟ್ ಇದೆ. ಅದು ಹಿಂದಿನ ಮೈಸೂರು ಸಂಸ್ಥಾನದ ಕೊಡುಗೆ. ಅದಕ್ಕೆ ಸಮೀಪದಲ್ಲಿರುವ ವಿಜಯನಗರಂ ಘಾಟ್ ಮಾತ್ರ ಹಂಪೆಗೆ ಸಂಬಂಧಿಸಿದ್ದಲ್ಲ, ಆಂಧ್ರದ ವಿಜಯನಗರಂ ಸಂಸ್ಥಾನದವರದು. ಗೋದೌಲಿಯಾ ಬಳಿಯ ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶೀ ಜ್ಞಾನಪೀಠ. ಅಲ್ಲಿ ಮೊಘಲ್ ಬಾದಶಹರ ಕಾಲದ ದಾನಪತ್ರಗಳಿವೆ. ಅಗಲಿದವರ ನೆನಪಿನಲ್ಲಿ ಮನೆಯವರು ಒಪ್ಪಿಸಿದ ಸಾವಿರಾರು ಶಿವಲಿಂಗಗಳು ಸಾಲುಸಾಲಾಗಿ ಕುಳಿತಿರುವ ಅಂಗಳವನ್ನು ಕರ್ನಾಟಕದವರು ಒಮ್ಮೆಯಾದರೂ ನೋಡಬೇಕು. ಇನ್ನು, 1916ರಲ್ಲಿ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಬೇರಾರೂ ಅಲ್ಲ, ನಿಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ವಿಶ್ವವಿದ್ಯಾಲಯದ ಆವರಣದ ಭಾರತ್ ಕಲಾ ಭವನ ಎಂಬ ವಸ್ತುಸಂಗ್ರಹಾಲಯದಲ್ಲಿ ಚಿಕಣಿ ಚಿತ್ರಗಳ ದೊಡ್ಡ ಸಂಗ್ರಹವಿದೆ. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಹೊರಡುವ ಮೊದಲೇ ವ್ಯವಸ್ಥಾಪಕರ ಕೈಗೆ ಕೊಡಿ. ಕೇಳಿದರೆ ತೋರಿಸಲು ಯಾರೂ ಬೇಡವೆನ್ನುವುದಿಲ್ಲ.

ಪ್ರಶ್ನೆ: ಕಾರ್ಯಕ್ರಮದಲ್ಲಿ 'ರೇಷ್ಮೆ ಕಾರ್ಖಾನೆ ಭೇಟಿ' ಎಂದು ಎರಡು ಗಂಟೆ ಇಟ್ಟಿದ್ದಾರೆ. ಸೀರೆ ಅಲ್ಲಿಯೇ ಕೊಳ್ಳಬೇಕೇ?
— ಬೆಂಗಳೂರಿನ ಓದುಗರು

ಉತ್ತರ: ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಇಂತಹ ಭೇಟಿ ಅನೇಕ ಸಲ ಅಂಗಡಿಯೊಂದರಲ್ಲಿ ಕೊನೆಗೊಳ್ಳುತ್ತದೆ ಮತ್ತು ಕರೆತಂದವರ ದಲ್ಲಾಳಿ ಹಣವೂ ಸೀರೆಯ ಬೆಲೆಯಲ್ಲಿ ಸೇರಿರುತ್ತದೆ. ಮಗ್ಗವನ್ನು ನಿಜವಾಗಿಯೂ ನೋಡಬೇಕೆಂದಿದ್ದರೆ ನೇಕಾರರ ಮೊಹಲ್ಲಾ ಆದ ಮದನಪುರಕ್ಕೆ ಕರೆದೊಯ್ಯುವಂತೆ ಗೈಡ್‌ನನ್ನು ಕೇಳಿರಿ. ಅಲ್ಲಿ ನೇಯುವ ರೇಷ್ಮೆಯಲ್ಲಿ ನಮ್ಮ ಕರ್ನಾಟಕದ ನೂಲೂ ಸೇರಿದೆ. ಎಲ್ಲಿಯೇ ಕೊಂಡರೂ ಶುದ್ಧ ರೇಷ್ಮೆಯೆಂದು ದೃಢೀಕರಿಸುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.