ಸ್ನಾಯುಗಳ ಮೈಟೊಕಾಂಡ್ರಿಯಾಗೂ ಬೊಜ್ಜು, ಇನ್ಸುಲಿನ್ ಪ್ರತಿರೋಧಕ್ಕೂ ಏನು ಸಂಬಂಧ?

ಸ್ನಾಯುಕೋಶದೊಳಗೆ ಬಂದ ಕೊಬ್ಬು ಉರಿಯದೆ ಉಳಿದರೆ ಅಲ್ಲಿ ಇನ್ಸುಲಿನ್‌ನ ಮಾತು ನಡೆಯುವುದಿಲ್ಲ (ಇದನ್ನೇ ಇನ್ಸುಲಿನ್ ಪ್ರತಿರೋಧ ಅನ್ನುವುದು). ಇದೇ ಮುಖ್ಯ ಸಂಬಂಧ. ಕೊಬ್ಬು, ಸಕ್ಕರೆ ಎರಡನ್ನೂ ಉರಿಸುವ ಒಲೆಗಳೇ ಮೈಟೊಕಾಂಡ್ರಿಯಾ. ವೈಟ್‌ಫೀಲ್ಡ್‌ವರೆಗೆ ಕ್ಯಾಬ್‌ನಲ್ಲಿ ಕೂತು, ಆಮೇಲೆ ಸಂಜೆವರೆಗೂ ಕುರ್ಚಿಯಲ್ಲೇ ಇದ್ದರೆ ಅವುಗಳ ಸಾಮರ್ಥ್ಯ ಕುಗ್ಗುತ್ತದೆ. ಬೊಜ್ಜಿದ್ದರೆ ಬಂದು ಬೀಳುವ ಕೊಬ್ಬೂ ಜಾಸ್ತಿ. ಹೀಗೆ ಮಿಕ್ಕಿದ್ದರಲ್ಲಿ ಕೆಲವು, ಮುಖ್ಯವಾಗಿ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನಂಶ, ಇನ್ಸುಲಿನ್ ಸಂಕೇತವನ್ನು ನಡುದಾರಿಯಲ್ಲೇ ತಡೆಯುತ್ತದೆ. ಆಗ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವ ಗ್ಲುಟ್-4 ಪ್ರೋಟೀನು ಕೋಶದ ಪೊರೆಗೆ ಸರಿಯಾಗಿ ಬರುವುದಿಲ್ಲ. ಮಸಾಲೆ ದೋಸೆಯ ಗ್ಲೂಕೋಸು ರಕ್ತದಲ್ಲೇ ಸುತ್ತುತ್ತದೆ.

ಮೈಟೊಕಾಂಡ್ರಿಯಾ ಸೊರಗುವುದು ಕಾರಣವೋ ಪರಿಣಾಮವೋ ಎಂಬ ವಾದ ಇನ್ನೂ ಮುಗಿದಿಲ್ಲ (ಎರಡೂ ಇರಬಹುದು ಅನ್ನುವುದು ನನ್ನ ಲೆಕ್ಕ). ಊಟವಾದ ಮೇಲೆ ನಡೆದರೆ ಇನ್ಸುಲಿನ್ ನೆರವಿಲ್ಲದೆಯೂ ಗ್ಲುಟ್-4 ಪೊರೆಗೆ ಬರುತ್ತದೆ. ವಾರಗಟ್ಟಲೆ ಬಿರುಸಾಗಿ ನಡೆದರೆ ಮೈಟೊಕಾಂಡ್ರಿಯಾಗಳೇ ಹೆಚ್ಚುತ್ತವೆ.